ಗಟ್ಟಿ ಬಿದಿರಿನ ತೆಪ್ಪ

ಜಗಳಕ್ಕೆ ಒಂದು ಕಾರಣ ಬೇಕಾಗಿತ್ತು. ಲಗಮಪ್ಪ ಎದ್ದಾಗಿನಿಂದ ಅದನ್ನೇ ಹುಡುಕುತ್ತಿದ್ದ. ಬಚ್ಚಲಲ್ಲಿ ಮುಖ ತೊಳೆಯುವಾಗ ಹುಡುಕಿದ, ಅಂಬೇವಾಡಿಯ ಸಾಲುಮನೆಗಳ ಹಿಂದೆ ಬೇಲಿಯ ಹತ್ತಿರ ನಿಂತು ಬೀಡಿ ಸೇದುವಾಗ ಹುಡುಕಿದ, ಸೈಕಲ್ಲಿಗೆ ಗಾಳಿ ಹೊಡೆಯುವಾಗಲೂ ಹುಡುಕಿದ. ತೆಪ್ಪ ಕಟ್ಟಿದ ಹಗ್ಗದ ಮೇಲೆ ಜಗಳ ತೆಗೆಯೋಣವೆಂದರೆ ಹಗ್ಗ ತಂದವನು ತಾನೇ. ಊಟದ ಮೇಲೆ ತೆಗೆಯೋಣವೆಂದರೆ ಆ ಜಗಳ ಹಿಂದೊಮ್ಮೆ ಆಗಿಹೋಗಿತ್ತು. ಒಣಮೀನು ತರುತ್ತೇನೆ ಎಂದು ಗೆಳೆಯ ಕಾಸಿಂಸಾಬ ಅಂದದ್ದೇ ತಡ, ತಾನೂ ದಿನಾ ತಿನ್ನುವ ಒಣಮೀನಿನ ಮೇಲೆ ನಾತ ನಾತ ಎಂದು ಚಹಾದಂಗಡಿಯ ತಗಡು ಹಾರಿಹೋಗುವ ಹಾಗೆ ಕೂಗಾಡಿದ್ದ. ತೆಪ್ಪದ ಮುಂದುಗಡೆ ಯಾರು ನಿಲ್ಲಬೇಕು ಎಂಬ ಜಗಳವೂ ಮುಗಿದಿತ್ತು. ಬಯಲಸೀಮೆಯವನು ಎಂದು ತನ್ನನ್ನು ಹಂಗಿಸಿದ ಎಂಬುದೂ ಮುಗಿದಿತ್ತು. ಪ್ರತಿವರ್ಷ ದಸರೆ ಕಳೆದು ಕಾಳಿ ಹೊಳೆಯ ಕೆಂಪು ಇಳಿದು ನೀರು ತಿಳಿಯಾಗುವ ಹೊತ್ತಿಗೆ ಕಾಸಿಂಸಾಬ ತೆಪ್ಪದ ಮೇಲೆ ಹೋಗುವ ಮಾತು ತೆಗೆಯುತ್ತಿದ್ದ. ಇಬ್ಬರೂ ಕೂತು ಎಲ್ಲವನ್ನೂ ಗೊತ್ತುಮಾಡುತ್ತಿದ್ದರು. ಹೊರಡುವ ದಿನ ಹತ್ತಿರ ಬಂದಾಗ ಲಗಮಪ್ಪ ಜಗಳ ತೆಗೆಯುತ್ತಿದ್ದ. ಜಗಳ ಆರಿ ಮತ್ತೆ ಮಾತು ಶುರುವಾಗುವಷ್ಟರಲ್ಲಿ ಹೊಳೆ ಬಂಡೆಗಳ ನಡುವೆ ಸಣ್ಣಗಾಗಿ, ತೆಪ್ಪದ ಕಾಲ ಮುಗಿದಿರುತ್ತಿತ್ತು. ಲಗಮಪ್ಪನಿಗೆ ನೀರೆಂದರೆ ಹೆದರಿಕೆ. ಅದು ಯಾರಿಗೂ ಗೊತ್ತಿಲ್ಲ ಎಂದು ಅವನು ತಿಳಿದಿದ್ದ. ಅವನು ಸಿಟ್ಟಿನ ಮನುಷ್ಯ ಎಂಬುದು ಮಾತ್ರ ಇಡೀ ಕಾಗದದ ಮಿಲ್ಲಿಗೆ ಗೊತ್ತಿತ್ತು, ಆ ಹೆಸರಿನ ಹಿಂದೆ ಏನನ್ನು ಬೇಕಾದರೂ ಮುಚ್ಚಿಡಬಹುದಾಗಿತ್ತು.

“ಇವತ್ತರ ಖರೇನ ಹೋಗ್ತೀರೋ, ಇಲ್ಲಾ ಅರ್ಧಾ ದಾರಿಯಿಂದ ಹೊಳ್ಳಿ ಬರ್ತೀರೋ?” ಒಳಗಿನಿಂದ ಹೆಂಡತಿ ಮಾಲವ್ವ ಕೇಳಿದಳು. “ಮಧ್ಯಾಹ್ನಕ್ಕ ನಿಮ್ಮ ಪಾಲಿನ ರೊಟ್ಟಿ ಬಡೀಲೋ ಬ್ಯಾಡೋ, ಅಷ್ಟು ಹೇಳ್ರಿ.”

“ಹೋಗಾಂವ ಅದೇನಿ. ಯಾಕ?”

“ಏನಿಲ್ಲ. ಹೊಳ್ಯಾಗ ಮೊಸಳಿ ಅದಾವಂತ.”

“ಮೊಸಳಿ ಇರೂದು ಕೆಳಗ, ಸೇತುವಿ ದಾಟಿದ ಮ್ಯಾಲೆ. ನಾವು ಅಷ್ಟು ದೂರ ಹೋಗೂದಿಲ್ಲ.”

“ಬಂದ್ರೂ ಅಂಜಬ್ಯಾಡ್ರಿ. ನಿಮ್ಮನ್ನ ತಿಂದ ಮೊಸಳಿ ಹೊಟ್ಟಿ ಉರಕೊಂಡು ತಾನ ಸಾಯತೈತಿ.”

ಬೇರೆ ದಿನವಾಗಿದ್ದರೆ ಇಷ್ಟು ಸಾಕಾಗಿತ್ತು, ತಂಬಿಗೆ ಹಾರುತ್ತಿತ್ತು. ಇವತ್ತು ಅವನು ಸೈಕಲ್ ಹತ್ತಿಬಿಟ್ಟ. ಭಾನುವಾರ. ಮಿಲ್ಲಿನ ಚಿಮಣಿ ಮಾತ್ರ ತನಗೆ ರಜೆಯೇ ಇಲ್ಲ ಎಂಬಂತೆ ಹೊಗೆ ಬಿಡುತ್ತಿತ್ತು. ಕುದಿಸಿದ ಬಿದಿರಿನ ಹುಳಿವಾಸನೆ ರಸ್ತೆಯ ಮೇಲೆ ಕೂತಿತ್ತು. ಮಿಲ್ಲು ಶುರುವಾದಾಗ ಅವನು ಬೈಲಹೊಂಗಲದ ಕಡೆಯಿಂದ ಬಂದವನು, ಕಾಸಿಂಸಾಬ ಹಳಿಯಾಳದಿಂದ. ಇಬ್ಬರನ್ನೂ ಒಂದೇ ದಿನ ಬಿದಿರಿನ ಯಾರ್ಡಿಗೆ ಹಾಕಿದ್ದರು. ಒಮ್ಮೆ ಲಾರಿಯ ಮೇಲೆ ಸೂಪಾದ ಕಡೆ ಹೋಗಿದ್ದಾಗ ಸೇತುವೆಯಿಂದ ಕೆಳಗೆ ಒಬ್ಬ ಮನುಷ್ಯ ಬಿದಿರಿನ ತೆಪ್ಪದ ಮೇಲೆ ನಿಂತು ತೇಲಿಹೋಗುವುದನ್ನು ನೋಡಿದ್ದರು. ಅವನು ಇವರನ್ನು ತಲೆಯೆತ್ತಿ ಕೂಡ ನೋಡಲಿಲ್ಲ. ಹೊಳೆ ತಿರುಗಿದ ಕಡೆ ತಿರುಗಿ ಮರೆಯಾದ. ಕಾಸಿಂಸಾಬ ಲಾರಿಯ ಹಲಗೆ ಹಿಡಿದು ಆ ತಿರುವನ್ನೇ ನೋಡುತ್ತ, “ನಾವೂ ಹಿಂಗ ಒಮ್ಮೆ ಹೋಗೂಣು ಲಗಮ್ಯಾ” ಎಂದ. ಅವತ್ತಿನಿಂದ ಅದು ಬೆಳೆಯಿತು. ಚಹಾದಂಗಡಿಯ ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳು ಅದ್ದಿ ಕಾಸಿಂಸಾಬ ಹೊಳೆ ಬರೆಯುತ್ತಿದ್ದ: ಇದು ಸೂಪಾ, ಇಲ್ಲಿ ಹತ್ತೂದು; ಇದು ಗಣೇಶಗುಡಿ, ಇದರ ಕೆಳಗಿನ ಮರಳಿನ ಮ್ಯಾಲ ರಾತ್ರಿ ಮಲಗೂದು; ಇಲ್ಲಿ ಬಂಡಿಗಲ್ಲಿನ ಸಂದಿಯೊಳಗ ನೀರು ಕುದೀತೈತಿ, ಇಲ್ಲಿ ಇಳದು ತೆಪ್ಪ ಹೊತಕೊಂಡು ಹೋಗೂದು. ಅಲ್ಲಿ ಲಗಮಪ್ಪನಿಗೆ ಖುಷಿಯೇ ಆಗುತ್ತಿತ್ತು. ಆ ಮೇಜಿನ ಮೇಲಿನ ಹೊಳೆಗೆ ಅವನು ಹೆದರುತ್ತಿರಲಿಲ್ಲ. ತಾನೂ ಬೆರಳು ಅದ್ದಿ ಅದಕ್ಕೆ ಒಂದೆರಡು ಹಳ್ಳ ಸೇರಿಸುತ್ತಿದ್ದ. ಅಕ್ಕಿ, ಬೇಳೆ, ಕಂದೀಲು, ಬೆಂಕಿಪೆಟ್ಟಿಗೆಯನ್ನು ಒದ್ದೆಯಾಗದ ಹಾಗೆ ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದನ್ನೆಲ್ಲ ಅವನೇ ಹೇಳುತ್ತಿದ್ದ. ಕಟ್ಟುವುದು ಬಿಚ್ಚುವುದು ಅವನಷ್ಟು ಯಾರಿಗೂ ಬರುತ್ತಿರಲಿಲ್ಲ.

ಆಮೇಲೆ ಮೇಜಿನ ಮೇಲಿನ ಹೊಳೆ ಗಿಡ್ಡವಾಗತೊಡಗಿತು. ಕಾಸಿಂಸಾಬನ ಕಾಲು ಬಾತ ವರ್ಷ ಅದು ಸೂಪಾದಿಂದ ಅಲ್ಲ, ಗಣೇಶಗುಡಿಯಿಂದ ಶುರುವಾಯಿತು. ಗುಂಡಿಗೆ ಹಿಗ್ಗಿದೆ, ಭಾರ ಎತ್ತಬಾರದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ಮೇಲೆ ಇನ್ನೂ ಕೆಳಗೆ ಬಂತು. ಅವನು ಈಗ ಮಲಗುತ್ತಿರಲಿಲ್ಲ, ಗೋಡೆಗೆ ದಿಂಬು ಇಟ್ಟು ಕೂತೇ ನಿದ್ದೆಮಾಡುತ್ತಿದ್ದ. ಯಾರ್ಡಿನ ಗೇಟಿನ ಹತ್ತಿರ ಅವನಿಗೊಂದು ಸ್ಟೂಲು ಹಾಕಿಕೊಟ್ಟಿದ್ದರು. ಈ ವರ್ಷ ಅವನು ಬರೆದ ಹೊಳೆ ಚಹಾದ ಬಟ್ಟಲಿಗಿಂತ ಉದ್ದವಿರಲಿಲ್ಲ: ಊರಿನ ಮೇಲಿನ ಒಂದು ತಿರುವಿನಿಂದ ಸೇತುವೆಯ ಈಚೆಗೆ, ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯುವಷ್ಟು. “ಸೂಪಾದಾಗ ಇಂಜಿನೇರ್ ಮಂದಿ ಕೆಂಪು ಬಿಳಿ ಕೋಲು ನಟ್ಟು ನೋಡಾಕತ್ತಾರಂತ,” ಎಂದಿದ್ದ. “ಇಂದಿಲ್ಲಾ ನಾಳೆ ಹೊಳಿಗೆ ಒಡ್ಡ ಕಟ್ಟತಾರ. ಹೊಳಿ ಇರೂದ್ರೊಳಗ ಹೋಗಿಬಿಡೂಣು.” ಇಬ್ಬರೂ ಹೊಳೆಯ ಬಗ್ಗೆಯೇ ಮಾತಾಡಿದರು. ಅದಕ್ಕಿನ್ನೂ ಬಹಳ ವರ್ಷ ಬೇಕು ಎಂದು ಲಗಮಪ್ಪ ಅಂದ. ಕಾಸಿಂಸಾಬ ಬೆರಳಿನ ಚಹಾವನ್ನು ಅಂಗಿಗೆ ಒರೆಸಿಕೊಂಡು, “ಹೌದು ಹೌದು, ಬಾಳ ವರ್ಷ ಬೇಕು” ಎಂದು ಒಪ್ಪಿಕೊಂಡ.

ತೆಪ್ಪ ಸಿದ್ಧವಾಗಿತ್ತು, ಅದೇ ದೊಡ್ಡ ತೊಂದರೆ. ಹಿಂದಿನ ವರ್ಷಗಳಲ್ಲಿ ಮಾತು ಬಿದಿರಿನವರೆಗೆ ಬಂದಿರಲೇ ಇಲ್ಲ. ಈ ಸಲ ಪರಿಚಯದ ಲಾರಿ ಡ್ರೈವರನೊಬ್ಬ ಹೊಳೆಯ ತಿರುವಿನಲ್ಲಿ ಬಿದಿರು ಇಳಿಸಿಕೊಟ್ಟ. ಕಾಸಿಂಸಾಬ ಕಲ್ಲಿನ ಮೇಲೆ ಕೂತು, ಲಗಮಪ್ಪ ಎತ್ತಿಕೊಟ್ಟ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳಿ, ಒಳ್ಳೆಯದನ್ನು ಆರಿಸಿದ್ದ. ಸಪ್ಪಳ ಪೊಳ್ಳು ಬಂದರೆ “ಒಗೀ ಆಕಡೆ” ಎನ್ನುತ್ತಿದ್ದ. ಒಳಗೆ ತುಂಬಿಕೊಂಡ ಗಟ್ಟಿ ಬಿದಿರು ಬಂದರೆ ಮಗಳಿಗೆ ಗಂಡು ಸಿಕ್ಕವನ ಹಾಗೆ ನಗುತ್ತಿದ್ದ. ಲಗಮಪ್ಪನ ಕೈಯೂ ಅದೇ ಹೇಳುತ್ತಿತ್ತು: ಇದು ತೂಕದ ಮಾಲು. ಇಷ್ಟು ವರ್ಷ ಪೊಳ್ಳು ಬಿದಿರಿನ ಲಾರಿ ಬಂದಾಗಲೆಲ್ಲ ಡ್ರೈವರನನ್ನು “ಗಾಳಿ ತುಂಬಿಕೊಂಡು ಬಂದೀಯೇನೋ ಮಗನ” ಎಂದು ಇಬ್ಬರೂ ಬೈದವರು. ನಾಲ್ಕು ಭಾನುವಾರ ಕೂತು ಎರಡು ಪದರಾಗಿ ಹೆಣೆದು, ನಾರಿನ ಹಗ್ಗ ಬಿಗಿದು, ತೆಪ್ಪ ಕಟ್ಟಿದರು. ಪ್ರತಿ ಗಂಟು ಹಾಕುವಾಗಲೂ ಲಗಮಪ್ಪ ಇದು ಬಿಚ್ಚದಿರಲಿ ಎಂದು ಹಾಕುತ್ತಿದ್ದ, ಒಳಗೊಳಗೆ ಇದು ಮುಗಿಯದಿರಲಿ ಎಂದುಕೊಳ್ಳುತ್ತಿದ್ದ.

ಊರಿನ ಹಳೆಯ ಭಾಗದಲ್ಲಿ ಕಾಸಿಂಸಾಬನ ಮನೆ. ಅವನ ಹೆಂಡತಿ ರಹೀಮುನ್ನಿಸಾ ಬಾಗಿಲಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿದ್ದಳು. “ಬರ್ರಿ ಲಗಮಣ್ಣಾ. ಅಂಗಿ ಹಾಕ್ಕೊಳ್ಳಾಕತ್ತಾರ.” ಅಂಗಿ ಹಾಕಿಕೊಳ್ಳುವುದಕ್ಕೆ ಈಗ ಅವನಿಗೆ ಹೊತ್ತು ಹಿಡಿಯುತ್ತಿತ್ತು. ಒಂದು ತೋಳು ಹಾಕಿ ದಣಿವಾರಿಸಿಕೊಂಡು ಇನ್ನೊಂದು ಹಾಕುತ್ತಿದ್ದ. ಅದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಲಗಮಪ್ಪನಿಗೆ ಥಟ್ಟನೆ ಕಾರಣ ಸಿಕ್ಕಿತು. ಇಷ್ಟು ಚೆನ್ನಾದ ಕಾರಣ ಬೆಳಗಿನಿಂದ ಯಾಕೆ ಹೊಳೆಯಲಿಲ್ಲವೋ ಎನಿಸಿತು. ದನಿ ಏರಿಸಿದ, ಒಳಗೆ ಕೇಳಬೇಕಲ್ಲ.

“ಭಾಬಿ, ಅಂಗಿ ಹಾಕ್ಕೊಳ್ಳಾಕ ಉಸರಿಲ್ಲಾ ಅಂವಗ. ಇಂಥಾಂವನ್ನ ಹೊಳಿಗೆ ಕಳಸಾಕ ನಿಂತೀರಲ್ಲಾ, ನಿಮಗರ ಬುದ್ಧಿ ಬ್ಯಾಡಾ? ನಾ ಕರಕೊಂಡು ಹೋಗಾಂವಲ್ಲ. ಏನ ಅಂದ್ಕೊಂತೀರಿ ಅಂದ್ಕೋರಿ.”

ರಹೀಮುನ್ನಿಸಾ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು. ಅವನ ಮುಖ ನೋಡದೆ ಸೈಕಲ್ಲಿನ ಹ್ಯಾಂಡಲ್ಲಿಗೆ ಬುತ್ತಿ ಕಟ್ಟುತ್ತ ಹೇಳಿದಳು: “ಈ ಸಲ ಬ್ಯಾಡ್ರಿ ಅಣ್ಣಾ.”

“ಏನ ಬ್ಯಾಡ?”

“ಜಗಳಾ.”

ಎದುರು ಮನೆಯ ಕೋಳಿಯೊಂದು ರಸ್ತೆಗೆ ಬಂದು ಕೆದರಿ, ಏನೂ ಸಿಗದೆ ವಾಪಸು ಹೋಯಿತು.

“ವರ್ಷಾ ವರ್ಷಾ ನೀವು ಜಗಳಾ ಮಾಡೂದು, ಇವರು ಮನೀಗೆ ಬಂದು ನಗೂದು. ಈ ವರ್ಷ ಲಗಮ್ಯಾ ಒಣಮೀನ ಹಿಡದಾನ ನೋಡು ಅಂತಿದ್ರು. ನಾನೂ ನಗತಿದ್ದೆ. ಹೋಗ್ಲಿ ಬಿಡು, ಮುಂದಿನ ವರ್ಷ ಐತಲ್ಲಾ ಅಂತಿದ್ರು.” ಗಂಟು ಬಿಗಿದು ಒಮ್ಮೆ ಜಗ್ಗಿ ನೋಡಿದಳು. “ಈ ವರ್ಷ ಹಂಗ ಅಂದಿಲ್ರಿ.”

“ನಿಮಗ ಯಾರ ಹೇಳಿದ್ರು? ಮಾಲವ್ವ ಹೇಳಿದ್ಲೇನು?”

“ಆಕಿಗೆ ಬೈಬ್ಯಾಡ್ರಿ, ಆಕಿ ಏನೂ ಹೇಳಿಲ್ಲ. ಸೇತುವಿ ಬಂದ ಕೂಡ್ಲೆ ನೀವು ಸೈಕಲ್ ಇಳದು, ನಟ್ಟ ನಡುವ, ಎತ್ತಿನಂಗ ನೆಲಾ ನೋಡಿಕೋತ ನಡದು ಹೋಗೂದನ್ನ ಊರ ಮಂದಿ ಎಲ್ಲಾ ನೋಡೇತಿ.”

ಊರ ಮಂದಿ ಎಲ್ಲಾ. ಹಾಗಾದರೆ ಯಾರ್ಡಿನಲ್ಲಿ ಅವನು ಎಗರಾಡುವಾಗ ಹೆದರಿ ದಾರಿ ಬಿಡುತ್ತಿದ್ದವರು, ಸಂಜೆ ಸೇತುವೆಯ ಕಟ್ಟೆಯ ಮೇಲೆ ಕೂತು ಇದನ್ನೇ ನೋಡುತ್ತಿದ್ದರು. ಅವನು ರಹೀಮುನ್ನಿಸಾಳ ಮೇಲೆ ಒದರಬೇಕೆಂದು ಬಾಯಿ ತೆರೆದ. ಬಾಯಿಗೆ ಬಂದದ್ದು ಹುಟ್ಟೂರಿನ ಬಾವಿಯ ತಂಪು ವಾಸನೆ. ಹುಡುಗರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಮೇಲಿನಿಂದ ಜಿಗಿಯುತ್ತಿದ್ದ ಬಾವಿ. ಅವನ ಸೊಂಟಕ್ಕೂ ಬುರುಡೆ ಕಟ್ಟಿದ್ದರು. ಅವನು ಮೆಟ್ಟಿಲ ಕಲ್ಲನ್ನು ತಬ್ಬಿಕೊಂಡು, ಸೋದರಮಾವ ಎಳೆದಷ್ಟೂ ಇನ್ನಷ್ಟು ತಬ್ಬಿಕೊಂಡು, ಕೊನೆಗೆ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ಕೆಳಗೆ ನೀರಿನಲ್ಲಿದ್ದ ಹುಡುಗರು ಬಾವಿ ಕೆಡಿಸಿದ ಎಂದು ಕೂಗಿದ್ದರು. ಬಾವಿಯೊಳಗಿನ ಕೂಗು ಸುತ್ತಿ ಸುತ್ತಿ ಬರುತ್ತದೆ, ಬೇಗ ಮುಗಿಯುವುದಿಲ್ಲ. ಮರುದಿನ ಅವನು ಅವರಲ್ಲಿ ಒಬ್ಬನ ತಲೆ ಒಡೆದಿದ್ದ. ಆಮೇಲೆ ಯಾರೂ ಕೂಗಿರಲಿಲ್ಲ.

“ಏನ ನಡದೈತಿ ಹೊರಗ?” ಕಾಸಿಂಸಾಬ ಬಾಗಿಲು ತೆರೆದ. ತಲೆಗೆ ಹೊಸ ರುಮಾಲು ಸುತ್ತಿದ್ದ. ಮುಖ ಸಣ್ಣಗಾಗಿತ್ತು, ಪಾದ ಮಾತ್ರ ಉಬ್ಬಿ ಚಪ್ಪಲಿಯ ಪಟ್ಟಿ ಕೂಡಿರಲಿಲ್ಲ. ಅವನ ಕಣ್ಣು ಲಗಮಪ್ಪನನ್ನೂ ಹೆಂಡತಿಯನ್ನೂ ನೋಡಿ ಕಾಯಿತು. ಒಳಗಿದ್ದು ಎಲ್ಲ ಕೇಳಿಸಿಕೊಂಡಿದ್ದ, ಇನ್ನೇನು ಎಂದು ಕಾಯುತ್ತಿದ್ದ.

“ಏನಿಲ್ಲ,” ಲಗಮಪ್ಪ ಎಂದ. “ಹತ್ತು. ಹೊತ್ತಾತು.”

ಕ್ಯಾರಿಯರಿನ ಮೇಲೆ ಅವನು ಹಗುರವಾಗಿದ್ದ. ಹಿಂದೊಮ್ಮೆ ಹಳಿಯಾಳದ ಉರುಸಿಗೆ ಇದೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೊರಟಾಗ ಹಿಂದಿನ ಚಕ್ರದ ಗಾಳಿ ಇಳಿದುಹೋಗಿ ಇಬ್ಬರೂ ನಡೆದಿದ್ದರು. ಈಗ ಏರು ಬಂದಾಗಲೂ ಇಳಿಯಬೇಕಾಗಲಿಲ್ಲ. ಬೆನ್ನ ಹಿಂದೆ ಉಸಿರಿನ ಸಪ್ಪಳ ಮಾತ್ರ ಕೇಳುತ್ತಿತ್ತು, ಮರ ಕೊಯ್ಯುವ ಗರಗಸ ದೂರದಲ್ಲಿ ಹೋಗಿಬರುವಂತೆ. ಲಗಮಪ್ಪನಿಗೆ ಆ ಸಪ್ಪಳದ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ತನ್ನ ಸುಳ್ಳನ್ನು ನಕ್ಕು ನುಂಗಿಕೊಂಡವನ ಮೇಲೆ ಸಿಟ್ಟು ಬಂತು. ಬೇರೆ ಯಾರ ಜೊತೆಗಾದರೂ ಹೋಗಬಹುದಾಗಿತ್ತಲ್ಲ ಮಗ, ಯಾರ್ಡಿನಲ್ಲಿ ಈಜು ಬರುವವರು ಕಡಿಮೆಯೇ? ಕಾಲು ಗಟ್ಟಿ ಇದ್ದಾಗ, ಎದೆ ನೆಟ್ಟಗಿದ್ದಾಗ, ಸೂಪಾದಿಂದ ಹೋಗಿ ಬರಬಹುದಾಗಿತ್ತಲ್ಲ. ಅಷ್ಟೂ ವರ್ಷಗಳನ್ನು ನಾನು ತಿಂದೆ. ಒಣಮೀನು, ಹಗ್ಗ, ಬಯಲಸೀಮೆ ಎಂದು ಒಂದೊಂದಾಗಿ ತಿಂದೆ.

“ನಿನ್ನ ಬೆನ್ನ ಯಾಕೋ ಬಿಗದೈತಿ,” ಹಿಂದಿನಿಂದ ಕಾಸಿಂಸಾಬ ಎಂದ.

“ನಿನ್ನ ಭಾರಕ್ಕ.”

“ಹಂಗಾರ ಇಳೀಲೇನು?”

“ಇಳದ್ರ ಕಾಲ ಮುರೀತೇನಿ. ಸುಮ್ಮ ಕುಂದರು.”

ಹೊಳೆಯ ತಿರುವಿನಲ್ಲಿ ಯಾರೂ ಇರಲಿಲ್ಲ. ಆಚೆಯ ದಂಡೆಯ ಮೇಲೆ ಕಾಡು ನೀರಿನವರೆಗೆ ಬಗ್ಗಿ ನಿಂತಿತ್ತು. ನೀರು ಸಪ್ಪಳವಿಲ್ಲದೆ ಹೋಗುತ್ತಿತ್ತು. ಸಪ್ಪಳವಿಲ್ಲದ ನೀರೇ ಲಗಮಪ್ಪನಿಗೆ ಹೆಚ್ಚು ಹೆದರಿಕೆ. ಅವನು ಅದರ ಕಡೆ ನೋಡದೆ ಕೆಲಸ ಶುರುಮಾಡಿದ. ತೆಪ್ಪದ ಕೆಳಗೆ ಉರುಟು ಕಟ್ಟಿಗೆ ಸರಿಸಿ, ಹೆಗಲು ಕೊಟ್ಟು, ಬೈಯುತ್ತ, ನೂಕಿದ. ಅದು ಭಾರವಾಗಿತ್ತು. ಇಷ್ಟು ಭಾರದ ತೆಪ್ಪ ಗಟ್ಟಿಮುಟ್ಟಾಗಿಯೇ ಇರುತ್ತದೆ ಎಂದು ಅವನ ಹೆಗಲು ಹೇಳಿತು. ಕೊನೆಯ ಇಳಿಜಾರಿನಲ್ಲಿ ತಾನೇ ಜಾರಿ ನೀರಿಗೆ ಇಳಿಯಿತು. ಇಳಿದು, ತೇಲುವ ಬದಲು ಇನ್ನೂ ಇಳಿಯಿತು. ನೀರು ಬಿದಿರಿನ ಸಾಲುಗಳ ಮೇಲೆ ಹರಡಿಕೊಂಡು ಮುಚ್ಚಿತು. ಹಗ್ಗದ ಗಂಟುಗಳು ಮಾತ್ರ ನೀರಿನ ಮೇಲೆ ಸಾಲಾಗಿ ಕಾಣುತ್ತಿದ್ದವು. ತಳಕ್ಕೂ ಹೋಗಲಿಲ್ಲ, ಮೇಲಕ್ಕೂ ಬರಲಿಲ್ಲ. ನೀರೊಳಗೆ ಎಮ್ಮೆ ಮಲಗಿದ ಹಾಗೆ ಮಲಗಿಬಿಟ್ಟಿತು.

ಇಬ್ಬರೂ ನೋಡುತ್ತ ನಿಂತರು. ಕಾಸಿಂಸಾಬ ಊರಿಕೊಳ್ಳಲು ಹಿಡಿದಿದ್ದ ಬಿದಿರಿನ ಕೋಲನ್ನು ಗೆಣ್ಣಿನಿಂದ ಒಮ್ಮೆ ಬಡಿದ, ಕಿವಿಗಿಟ್ಟುಕೊಂಡ. ಮೇಲೆ ದಂಡೆಯಲ್ಲಿ ಅವರೇ ಆರಿಸಿ ಎಸೆದ ಪೊಳ್ಳು ಬಿದಿರಿನ ರಾಶಿಯನ್ನು ತಿರುಗಿ ನೋಡಿದ. ಅದರಲ್ಲಿ ನೀರಿಗೆ ಉರುಳಿದ ಅರ್ಧವನ್ನು ಹೊಳೆ ಆಗಲೇ ತೇಲಿಸಿಕೊಂಡು ಹೋಗಿತ್ತು.

“ಲಗಮ್ಯಾ,” ಎಂದ. “ನಾವು ಕಾಗದಾ ಮಾಡಾಕ ಬಿದರ ಆರಿಸಿವಲ್ಲೋ.”

ನಕ್ಕ. ನಗು ಕೆಮ್ಮಾಯಿತು. ಕೆಮ್ಮುತ್ತಲೇ ಕಲ್ಲಿನ ಮೇಲೆ ಕೂತು ಮತ್ತೆ ನಕ್ಕ. “ಗಾಳಿ ತುಂಬಿದ್ದನ್ನೆಲ್ಲಾ ಒಗದು… ತೌಬಾ ತೌಬಾ… ಯಾರ್ಡಿನ ಮಂದಿಗೆ ಗೊತ್ತಾದ್ರ ನಮಗ ಗೇಟಿನೊಳಗ ಬಿಡೂದಿಲ್ಲ.”

ಲಗಮಪ್ಪ ನಗಲಿಲ್ಲ. ಅವನ ಮೈಯೆಲ್ಲ ಸಡಿಲವಾಗಿತ್ತು, ಮೊಣಕಾಲಿನಿಂದ ಮೇಲಕ್ಕೆ ಬೆಚ್ಚಗೆ ಏನೋ ಏರುತ್ತಿತ್ತು. ಅದು ಸಮಾಧಾನ ಎಂದು ಗೊತ್ತಾಗಲು ತುಸು ಹೊತ್ತು ಬೇಕಾಯಿತು. ಹೋಗುವಂತಿಲ್ಲ. ಯಾರೂ ಹೆದರಲಿಲ್ಲ, ಯಾರೂ ಜಗಳವಾಡಲಿಲ್ಲ, ತೆಪ್ಪವೇ ಮುಳುಗಿತು. ರಹೀಮುನ್ನಿಸಾಳ ಮುಖವನ್ನೂ ನೋಡಬಹುದು. ಇಷ್ಟು ಸ್ವಚ್ಛವಾದ ಕಾರಣ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆ ಖುಷಿ ಮುಖಕ್ಕೆ ಬಂದುಬಿಟ್ಟಿರಬೇಕು. ಯಾಕೆಂದರೆ ಕಾಸಿಂಸಾಬ ನಗು ನಿಲ್ಲಿಸಿ ಅವನನ್ನೇ ನೋಡುತ್ತಿದ್ದ. ಬಹಳ ಮೆತ್ತಗೆ, ಅಳುವ ಕೂಸನ್ನು ಸುಮ್ಮನಿರಿಸುವ ದನಿಯಲ್ಲಿ, ಅಂದ:

“ಹೋಗ್ಲಿ ಬಿಡು. ಮುಂದಿನ ವರ್ಷ ಪೊಳ್ಳ ಬಿದರ ತರೂಣು.”

ಕೊಟ್ಟುಬಿಟ್ಟ. ತನ್ನ ಹತ್ತಿರ ಇಲ್ಲದ ವರ್ಷವನ್ನು ಎತ್ತಿ ಕೊಟ್ಟುಬಿಟ್ಟ. ಇನ್ನು ಲಗಮಪ್ಪ ಅದನ್ನು ತೆಗೆದುಕೊಂಡು ಮನೆಗೆ ಹೋಗಬೇಕು, ಮಧ್ಯಾಹ್ನ ಬಿಸಿರೊಟ್ಟಿ ತಿನ್ನಬೇಕು. ಲಗಮಪ್ಪನಿಗೆ ಸಿಟ್ಟು ಬಂತು. ಬೆಳಗಿನಿಂದ ಹುಡುಕಿದರೂ ಬಾರದ ಸಿಟ್ಟು, ಕಾರಣವಿಲ್ಲದೆ, ಈಗ ಬಂತು.

“ಏಳ ಮಗನ,” ಎಂದ. “ಏಳು. ಅದರ ಮ್ಯಾಲ ಕುಂದರು.”

“ಅರೇ, ಮುಳಗಿದ ತೆಪ್ಪದ ಮ್ಯಾಲ ಹೆಂಗ…”

“ಮುಳಗಿಲ್ಲ. ನಿಂತೈತಿ. ಕಣ್ಣಿಲ್ಲೇನು ನಿನಗ? ಏಳ ಅಂದ್ರ ಏಳು!”

ತೋಳು ಹಿಡಿದು ಎಬ್ಬಿಸಿದ, ಹೆಚ್ಚುಕಡಿಮೆ ಹೊತ್ತುಕೊಂಡೇ ಹೋದ. ಮೊಣಕಾಲುದ್ದ ನೀರು ಬಂತು. ಲಗಮಪ್ಪ ಅದನ್ನು ಗಮನಿಸದವನ ಹಾಗೆ ಬೈಯುತ್ತಲೇ ಇದ್ದ. ಕಾಸಿಂಸಾಬನನ್ನು ತೆಪ್ಪದ ನಡುವೆ ಕೂರಿಸಿದ. ತೆಪ್ಪ ಒಂದಿಷ್ಟು ಕುಸಿಯಿತು, ಕುಸಿದು ಹಿಡಿದುಕೊಂಡಿತು. ಅವನ ಸೊಂಟದವರೆಗೆ ನೀರು ನಿಂತಿತು. ಬಾತ ಪಾದಗಳು ನೀರಿನ ಕೆಳಗೆ ಬೆಳ್ಳಗೆ ಕಂಡವು.

“ಮದಿವ್ಯಾಗ ಅರಿಶಿಣ ನೀರಿಗೆ ಕುಂದರಿಸಿದಂಗಾತಲ್ಲೋ,” ಕಾಸಿಂಸಾಬ ಎಂದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು, ಮುಖ ಮಾತ್ರ ಹುಡುಗನ ಮುಖವಾಗಿತ್ತು. “ನೀನೂ ಹತ್ತು ಬಾ.”

ಲಗಮಪ್ಪ ಒಂದು ಕಾಲಿಟ್ಟ. ತೆಪ್ಪ ಅತ್ತ ಕಡೆ ವಾಲಿ ಕಾಸಿಂಸಾಬನ ಎದೆಯವರೆಗೆ ನೀರು ಏರಿತು. ಕಾಲು ತೆಗೆದ. ಮತ್ತೆ ಹಿಂದಿನಿಂದ ನೋಡಿದ, ಅಲ್ಲಿಯೂ ಹಾಗೆಯೇ. ಒಬ್ಬನನ್ನು ಹೊರುತ್ತದೆ, ಇಬ್ಬರನ್ನು ಹೊರುವುದಿಲ್ಲ. ಇಬ್ಬರಿಗೂ ಅದು ಒಟ್ಟಿಗೆ ತಿಳಿಯಿತು. ಕಾಸಿಂಸಾಬ ಏಳಲು ಕೈಯೂರಿದ.

“ಅಲ್ಲಾಡಬ್ಯಾಡ,” ಎಂದು ಲಗಮಪ್ಪ ತೆಪ್ಪದ ಹಿಂದಿನ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ನೂಕಿದ.

ತೊಡೆ, ಸೊಂಟ, ಹೊಟ್ಟೆ. ನೀರು ಒಂದೊಂದೇ ಜಾಗವನ್ನು ಮುಟ್ಟಿ ಗುರುತು ಹಿಡಿಯುತ್ತ ಏರಿತು. ಕೆಳಗೆ ಕಲ್ಲು ಜಾರುತ್ತಿತ್ತು. ಎಲ್ಲಿ ಜಾರುತ್ತದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ, ಪಾದವೇ ಹುಡುಕಿಕೊಳ್ಳಬೇಕಾಗಿತ್ತು. ಎದೆಯ ತನಕ ಬಂದಾಗ ಉಸಿರು ಅರ್ಧಕ್ಕೇ ನಿಂತಿತು, ಒಳಗೆ ತೆಗೆದುಕೊಂಡದ್ದು ಹೊರಗೆ ಬರಲಿಲ್ಲ. ಕಾಸಿಂಸಾಬನಿಗೆ ಪ್ರತಿ ರಾತ್ರಿ ಗೋಡೆಗೊರಗಿ ಕೂತಾಗ ಹೀಗೇ ಆಗುತ್ತದೇನೋ. ಅವನು ಯಾರ ಮೇಲೂ ಕೂಗಾಡಿದ್ದು ಕೇಳಿಲ್ಲ. ಲಗಮಪ್ಪನಿಗೆ ಕೂಗದೆ ಇರುವುದಕ್ಕಾಗಲಿಲ್ಲ.

“ನನಗ ನೀರಂದ್ರ ಹೆದರಿಕಿ ಐತ್ಲೇ ಸಾಬಾ!”

ಆಚೆ ದಂಡೆಯ ಕಾಡಿನಿಂದ ಒಂದು ಹಕ್ಕಿ ಎದ್ದು ಹೋಯಿತು.

“ಒದರಬ್ಯಾಡ,” ಕಾಸಿಂಸಾಬ ಹಿಂದೆ ತಿರುಗದೆ ಹೇಳಿದ. “ಮೀನು ಓಡಿ ಹೊಕ್ಕಾವ.”

ಹಾಗೆ ಹೇಳಿ ಕೋಲನ್ನು ನೀರಿಗೆ ಹಾಕಿ ಊರಿದ. ಅವನ ಮುಂಗೈ ಸೊರಗಿತ್ತು. ಆದರೂ ಎಲ್ಲಿ ಊರಬೇಕು ಎಂದು ಇಷ್ಟು ವರ್ಷ ಮೇಜಿನ ಮೇಲೆ ಊರಿ ಅಭ್ಯಾಸವಾದಂತಿತ್ತು. ದಂಡೆ ಹಿಂದಕ್ಕೆ ಸರಿಯಿತು. ಸೈಕಲ್ಲು, ಅದರ ಹ್ಯಾಂಡಲ್ಲಿನ ಬುತ್ತಿ, ಕಲ್ಲಿನ ಮೇಲೆ ಬಿಚ್ಚಿಟ್ಟ ಚಪ್ಪಲಿಗಳು ಸರಿದವು. ತಿರುವು ದಾಟಿದ ಕೂಡಲೇ ಹೊಳೆ ತೆಪ್ಪವನ್ನು ತನ್ನ ಕೈಗೆ ತೆಗೆದುಕೊಂಡಿತು. ಲಗಮಪ್ಪ ಮುಂದಿನ ಕಲ್ಲಿಗೆ ಪಾದ ಚಾಚಿದ, ಕಲ್ಲು ಇರಲಿಲ್ಲ. ಇನ್ನೊಂದು ಪಾದಕ್ಕೂ ಇರಲಿಲ್ಲ. ಮೈ ಹಿಂದಕ್ಕೆ ಉದ್ದಕ್ಕೆ ಎದ್ದು, ಒಗೆಯುವ ಧೋತರದ ಹಾಗೆ ನೀರಿನ ಮೇಲೆ ಚಾಚಿಕೊಂಡಿತು. ಬಾಯಿಗೆ ನೀರು ಹೋಯಿತು. ಕೈ ಮಾತ್ರ ಬಿದಿರನ್ನು ಹಿಡಿದಿತ್ತು. ಈಗ ಸಾಯುತ್ತೇನೆ ಎಂದುಕೊಂಡ. ಮುಂದಿನ ಕ್ಷಣವೂ ಹಾಗೇ ಅಂದುಕೊಂಡ. ಅದರ ಮುಂದಿನದರಲ್ಲಿ, ಕಾಸಿಂಸಾಬನ ರುಮಾಲ ತುದಿ ಬಿಚ್ಚಿ ನೀರಲ್ಲಿ ಎಳೆದುಕೊಂಡು ಬರುತ್ತಿರುವುದು ಕಂಡಿತು. ಅದನ್ನು ಹೇಳಬೇಕೆಂದುಕೊಂಡ, ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಮೇಲೆ ಎರಡು ಕಾಡುಗಳ ನಡುವೆ ಆಕಾಶ ಅಗಲವಾಗಿ ಹೋಗುತ್ತಿತ್ತು. ಇಷ್ಟು ವರ್ಷ ಎಷ್ಟೊಂದು ಮಾತಾಡಿದ್ದರು, ಇದರಲ್ಲಿ ಮಾತು ಬರುವುದೇ ಇಲ್ಲ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಹೊಳೆ ಅವರನ್ನು ಸೇತುವೆಯ ಕಡೆಗೆ ಒಯ್ಯಲಿಲ್ಲ. ಓರೆಯಾಗಿ ಆಚೆಯ ದಂಡೆಗೆ ನೂಕಿ, ಮರಳಿನ ಮೇಲೆ ಬಿಟ್ಟುಹೋಯಿತು. ಲಗಮಪ್ಪನ ಮೊಣಕಾಲು ನೆಲಕ್ಕೆ ತಾಗಿತು. ಅವನು ತೆವಳಿ ಬಂದು ಕಾಸಿಂಸಾಬನನ್ನು ಬಗಲಿಗೆ ಕೈಹಾಕಿ ಎಳೆದು ಬಿಸಿಲಿರುವ ಕಡೆ ಕೂರಿಸಿದ. ಕಾಸಿಂಸಾಬನ ತುಟಿ ನೀಲಿಯಾಗಿತ್ತು. ಕತ್ತಿನ ನರ ಎದ್ದು ಕುಣಿಯುತ್ತಿತ್ತು. ಲಗಮಪ್ಪ ಅಂಗಿ ಬಿಚ್ಚಿ ಹಿಂಡಿ ಅವನ ಎದೆ, ಬೆನ್ನು, ಬಾತ ಪಾದ ಒರೆಸಿದ. ಉಬ್ಬಿದ ಚರ್ಮದ ಮೇಲೆ ಅವನ ಬೆರಳಿನ ಗುರುತು ಕುಳಿಯಾಗಿ ಉಳಿಯಿತು. ಕೊಂದೆನೇನೋ ಎಂದು ಮುಖ ನೋಡಿದ. ಕಾಸಿಂಸಾಬ ಹೊಳೆಯ ಆಚೆಗೆ ನೋಡುತ್ತಿದ್ದ. ಅಲ್ಲಿ, ದೂರ, ಚಿಮಣಿಯ ಹೊಗೆ. ಅವರಿಬ್ಬರೂ ಇಷ್ಟು ವರ್ಷ ಇದ್ದ ದಂಡೆ ಅದು.

“ಏನೈತಲ್ಲೋ ಅಲ್ಲಿ,” ಎಂದ. “ಒಂದೀಟು ಹೊಗಿ.”

“ಮಾತಾಡಬ್ಯಾಡ. ಉಸರ ತಗೊ.”

ಲಗಮಪ್ಪ ಪಕ್ಕದಲ್ಲಿ ಕೂತು ಕಾದ. ಕಾಯುವುದು ಅವನಿಗೆ ಬರುತ್ತಿರಲಿಲ್ಲ. ಯಾರಾದರೂ ತಡಮಾಡಿದರೆ ಬೈಯುವುದಷ್ಟೇ ಬರುತ್ತಿತ್ತು. ಈಗ ಒಂದು ಉಸಿರು ಹೋಗಿ ಇನ್ನೊಂದು ಬರುವವರೆಗೆ ತಾನೂ ಹಿಡಿದುಕೊಂಡು ಕಾದ. ನೆರಳು ಅವರ ಕಾಲಿನವರೆಗೆ ಬಂದಾಗ ಸಪ್ಪಳ ಮೆತ್ತಗಾಯಿತು, ತುಟಿಗೆ ಬಣ್ಣ ಬಂತು.

“ಲಗಮ್ಯಾ.”

“ಹೂಂ.”

“ಬುತ್ತಿ ಆಕಡೆ ಉಳೀತು. ಸೈಕಲ್ಲೂ ಆಕಡೆ. ರಹೀಮಾನೂ ಆಕಡೆ.” ಅವನು ತಡೆದು ತಡೆದು ಹೇಳಿದ. “ಈಕಡೆ ಕಾಡ ಬಿಟ್ರ ಏನೂ ಇಲ್ಲ. ಹೊಳ್ಳಿ ಹೋಗಬೇಕಲ್ಲೋ.”

ಲಗಮಪ್ಪ ನೀರನ್ನು ನೋಡಿದ. ಹೋಗುತ್ತಲೇ ಇತ್ತು.

“ಹೋಗೂಣು.”

“ಇಲ್ಲಿ ನೀರ ಭಾಳ ಆಳ ಐತಿ. ಸ್ವಲ್ಪ ಮ್ಯಾಲಕ್ಕ, ಆ ಬಂಡಿಗಲ್ಲ ಕಾಣತೈತಲ್ಲಾ, ಅಲ್ಲಿ ನೆಲಾ ಸಿಗತಿರಬೇಕು. ನೋಡಬೇಕು ಯಾರರ.”

ಯಾರಾದರೂ ಎಂದರೆ ಇಬ್ಬರೇ ಇದ್ದರು. ಲಗಮಪ್ಪ ಎದ್ದ. ಹೆದರಿಕೆ ಹೋಗಿರಲಿಲ್ಲ, ಅದು ಕಾಸಿಂಸಾಬನಿಗೆ ಕಾಣುತ್ತಿದೆ ಎಂದು ಗೊತ್ತಿತ್ತು, ಕಾಣಲಿ ಎಂದು ಬಿಟ್ಟ. ಬಂಡೆಯ ಹತ್ತಿರ ಹೋಗಿ, ಹಿಡಿಯಲು ತೆಪ್ಪವಿಲ್ಲದೆ, ಖಾಲಿ ಕೈಗಳನ್ನು ಎರಡೂ ಕಡೆ ಚಾಚಿಕೊಂಡು ನೀರಿಗೆ ಇಳಿದ. ಮೊಣಕಾಲಾಯಿತು, ಸೊಂಟವಾಯಿತು.

“ಎಡಕ್ಕ ಬಾ,” ಹಿಂದಿನಿಂದ ಕಾಸಿಂಸಾಬನ ಸಣ್ಣ ದನಿ. “ಎಡಕ್ಕ. ಹಾಂ. ಏನೈತಿ?”

“ನೆಲಾ ಐತಿ,” ಲಗಮಪ್ಪ ಕೂಗಿದ.

“ಮುಂದ?”

ಪಾದ ಚಾಚಿ ನಿಧಾನವಾಗಿ ಊರಿದ.

“ಇಲ್ಲೂ ಐತಿ.”

“ಮುಂದ?”